ಔಷಧ ಮುಗಿದ ಮೇಲಿನ ಬಳಲಿಕೆ

ಕರ್ಮೆಲು ಬೆಟ್ಟದಲ್ಲಿ ಜಯಹೊಂದಿದ ಎಲೀಯನು ತರುವಾಯ ಅಡವಿಯ ಗಿಡದ ಕೆಳಗೆ ಮರಣವನ್ನೇ ಬೇಡಿ ಮಲಗಿದನೆಂದು 1 ಅರಸುಗಳು 19ನೇ ಅಧ್ಯಾಯದಲ್ಲಿ ಓದುತ್ತೇವೆ. ದೂತನು ಅವನನ್ನು ಗದರಿಸಲಿಲ್ಲ. ಎರಡು ಸಾರಿ ಎಬ್ಬಿಸಿ ಉಣ್ಣಿಸಿದನು, ನಡುವೆ ಮಲಗಗೊಟ್ಟನು.

ಕ್ಯಾನ್ಸರ್ ರೋಗಕ್ಕೆ ಕೀಮೋಥೆರಪಿ ಹೊಂದಿದವರ ಸಂಗತಿಯೂ ಹೀಗೆಯೇ. ಕಡೇ ಔಷಧವಾದ ದಿನ ನಾವು ಸ್ತೋತ್ರಮಾಡಿ, ಅವರು ನಾಳೆಯೇ ಗದ್ದೆಗೆ ಇಳಿಯುವರೆಂದು ನೆನಸುತ್ತೇವೆ. ಹಾಗಲ್ಲ. ಈ ಔಷಧವು ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುವದು. ಆದಕಾರಣ ರೋಗದೊಂದಿಗೆ ಕೂದಲು, ಬಾಯಿ, ರಕ್ತ ಇವುಗಳಿಗೂ ಪೆಟ್ಟುಂಟು. ಕೂದಲು ಕೆಲವು ತಿಂಗಳುಗಳಲ್ಲಿ ತಿರಿಗಿ ಬರುವದು. ಬಳಲಿಕೆಯು ತಿಂಗಳುಗಟ್ಟಲೆ ಇರಬಹುದು. ಕೈಕಾಲುಗಳ ಜೋಮು ಕೆಲವರಿಗೆ ಇನ್ನೂ ದೀರ್ಘಕಾಲ ಉಳಿಯುವದು.

ಅನೇಕ ಔಷಧಗಳಲ್ಲಿ 7ರಿಂದ 14 ದಿನಗಳೊಳಗೆ ರಕ್ತದ ಬಿಳೀ ಕಣಗಳು ಬಹಳ ಕಡಿಮೆಯಾಗುತ್ತವೆ. ಕಡೇ ಔಷಧದ ಮೇಲೆಯೂ ಹಾಗೆಯೇ. ಆಗ ಜ್ವರವು 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯತಕ್ಕದ್ದು. ಬೆಳಗಾಗಲೆಂದು ಕಾಯುವದು ಪ್ರಾಣಕ್ಕೆ ಅಪಾಯ.

ಜೋಮುಳ್ಳವರು ಬರಿಗಾಲಿನಲ್ಲಿ ನಡೆಯಬಾರದು. ಸ್ನಾನದ ಬಿಸಿನೀರನ್ನು ಮೊಣಕೈಯಿಂದ ಪರೀಕ್ಷಿಸಬೇಕು. ವೈದ್ಯರು ಬೇಡವೆನ್ನದಿದ್ದರೆ ದಿನವೂ ಸ್ವಲ್ಪ ನಡೆಯುವದು ಬಳಲಿಕೆಗೆ ಹಿತಕರ.

ಸಹೋದರರೇ, ಸಹೋದರಿಯರೇ, ಇಂಥವರು ಆರಾಧನೆಗೆ ಬಾರದಿದ್ದರೆ ವಿಶ್ವಾಸ ಕುಂದಿತೆಂದು ಎಣಿಸಬೇಡಿರಿ. ಚಿಕಿತ್ಸೆ ನಡೆಯುವಾಗ ಗಂಜಿ ಒಯ್ದ ನಾವು ಮುಗಿದ ಮೇಲೆ ಮರೆಯುವದು ಯಾಕೆ? ಎಲೀಯನಿಗೂ ಒಂದೇ ಊಟ ಸಾಲಲಿಲ್ಲ. ಎರಡನೆಯ ರೊಟ್ಟಿಯನ್ನೂ ನಾವೇ ಒಯ್ಯೋಣ.