ಬ್ಯಾಂಕ್ ಮುರಿದುಕೊಂಡ ದುಡ್ಡು: ಕೇಳಿ ಪಡೆಯುವ ಸೂತ್ರಗಳು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾರವಾರದ ಬೈತಖೋಲದಲ್ಲಿ, ಅಂಕೋಲೆಯ ಬೇಲೇಕೇರಿಯಲ್ಲಿ ಬೋಟು ದಡ ಸೇರಿದರೆ ಆ ಮನೆಗಳ ಖಾತೆಗೆ ಹಣ ಬರುವುದೂ ನಿಲ್ಲುತ್ತದೆ. ಅಕ್ಕಿ, ಶಾಲೆ ಫೀ, ಬಲೆ ರಿಪೇರಿ ಎಂದು ಇದ್ದದ್ದೂ ಖಾಲಿ. ಕನಿಷ್ಠ ಬ್ಯಾಲೆನ್ಸ್ ಇಡಲೇಬೇಕಾದ ಖಾತೆಯಾದರೆ ದಂಡ ಬೀಳುವುದು ಸರಿಯಾಗಿ ಆಗಲೇ, ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿ.

ನೂರಿನ್ನೂರು ರೂಪಾಯಿ ತಾನೇ, ಹೋಗಲಿ ಎಂದು ಬಿಡುವವರೇ ಹೆಚ್ಚು. 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಕನಿಷ್ಠ ಬ್ಯಾಲೆನ್ಸ್ ದಂಡವಾಗಿ ಸುಮಾರು 8,500 ಕೋಟಿ ರೂಪಾಯಿ ವಸೂಲು ಮಾಡಿವೆ ಎಂದು 2024ರ ಜುಲೈನಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಅಷ್ಟೂ ಅನ್ಯಾಯದ ವಸೂಲಿ ಎನ್ನಲಾಗದು. ಆದರೆ ನಿಯಮ ಮೀರಿ ಮುರಿದುಕೊಂಡದ್ದನ್ನು ವಾಪಸ್ ಪಡೆಯಲು ವಕೀಲರೂ ಬೇಡ, ವಶೀಲಿಯೂ ಬೇಡ. ಒಂದು ಕಾಗದ, ಅದರ ಮೇಲೊಂದು ತಾರೀಖು, ಬಿಡದೆ ಬೆನ್ನು ಹತ್ತುವ ಹಟ ಇದ್ದರೆ ಸಾಕು.

1. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಸಾಲು ಸಾಲು ಓದಿ

ಎಷ್ಟೋ ಜನ ಕೊನೆಯ ಸಾಲಿನ ಮೊತ್ತ ನೋಡಿ ಪಾಸ್‌ಬುಕ್ ಮಡಚಿಡುತ್ತಾರೆ. ನಡುವಿನ ಸಾಲುಗಳನ್ನು ನೋಡಿ. ‘ಎಂಎಬಿ’ ಎಂದಿದ್ದರೆ ತಿಂಗಳ ಸರಾಸರಿ ಬ್ಯಾಲೆನ್ಸ್ ಕಡಿಮೆಯಾದ ದಂಡ. ‘ಎಎಂಸಿ’ ಎಂದರೆ ಎಟಿಎಂ ಕಾರ್ಡಿನ ವರ್ಷದ ಶುಲ್ಕ. ‘ಎನ್‌ಎಸಿಎಚ್ ರಿಟರ್ನ್’ ಎಂದರೆ ಸಾಲದ ಕಂತಿಗೆ ಹಣ ಸಾಲದೆ ವಾಪಸಾದದ್ದಕ್ಕೆ ಬಿದ್ದ ದಂಡ. ಒಂದೇ ಕಂತಿಗೆ ಒಂದೇ ವಾರದಲ್ಲಿ ಎರಡು ಮೂರು ಸಲ ಹೀಗೆ ಬಿದ್ದಿದ್ದರೆ ಪ್ರತಿ ಸಾಲಿಗೂ ವಿವರಣೆ ಕೇಳಿ. ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಇರುತ್ತದೆ. ವಾಪಸ್ ಕೇಳುವಾಗ ಅದನ್ನೂ ಸೇರಿಸಿ ಕೇಳಬೇಕು.

2. ಯಾವುದು ನ್ಯಾಯ, ಯಾವುದು ಅಲ್ಲ, ಮೊದಲು ತಿಳಿದುಕೊಳ್ಳಿ

ಕನಿಷ್ಠ ಬ್ಯಾಲೆನ್ಸ್ ಎಷ್ಟಿರಬೇಕು ಎಂದು ತೀರ್ಮಾನಿಸುವುದು ಆಯಾ ಬ್ಯಾಂಕ್, ರಿಸರ್ವ್ ಬ್ಯಾಂಕ್ ಅಲ್ಲ. ಆದರೆ ದಂಡ ಹೇಗೆ ಹಾಕಬೇಕು ಎಂಬುದಕ್ಕೆ ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಬ್ಯಾಲೆನ್ಸ್ ಕಡಿಮೆಯಾಗಿದೆ ಎಂದು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ಮೊದಲು ತಿಳಿಸಬೇಕು. ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಎಷ್ಟು ಕೊರತೆಯಿದೆಯೋ ಅದಕ್ಕೆ ತಕ್ಕಷ್ಟೇ ದಂಡ ಹಾಕಬೇಕು. ಹತ್ತು ರೂಪಾಯಿ ಕೊರತೆಗೂ ಸಾವಿರದ ಕೊರತೆಗೂ ಒಂದೇ ದಂಡ ಸಲ್ಲದು. ಈ ದಂಡದಿಂದಾಗಿಯೇ ಖಾತೆ ಮೈನಸ್‌ಗೆ ಇಳಿಯುವಂತೆಯೂ ಇಲ್ಲ. ಮೀನುಗಾರಿಕೆ ರಜೆಯ ಎರಡು ತಿಂಗಳು ದಾಟಿಸಲು ನಮ್ಮ ಕಡಲತೀರದ ಮನೆಗಳಿಗೆ ಆ ಒಂದು ತಿಂಗಳ ಕಾಲಾವಕಾಶವೇ ದೊಡ್ಡ ಆಸರೆ.

‘ಸರಾಸರಿ’ ಎಂಬುದರ ಲೆಕ್ಕವೂ ಗೊತ್ತಿರಲಿ. ಸಾವಿರ ರೂಪಾಯಿ ಇರಬೇಕಾದ ಖಾತೆಯಲ್ಲಿ ಹತ್ತು ದಿನ ಸಾವಿರ ಇದ್ದು ಇಪ್ಪತ್ತು ದಿನ ಏನೂ ಇಲ್ಲದಿದ್ದರೆ ಆ ತಿಂಗಳ ಸರಾಸರಿ 333 ರೂಪಾಯಿ. ತಿಂಗಳ ಕೊನೆಗೆ ಸಾವಿರ ತುಂಬಿದೆನಲ್ಲ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ಇನ್ನು ಕೆಲವು ಬ್ಯಾಂಕುಗಳು ಈ ದಂಡವನ್ನೇ ಕೈಬಿಟ್ಟಿವೆ: ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ. ಅಲ್ಲಿ ಉಳಿತಾಯ ಖಾತೆ ಇದ್ದೂ ಈ ಹೆಸರಿನ ಕಡಿತ ಕಂಡರೆ ತಕ್ಷಣ ಕೇಳಿ.

ಗೋವಾಕ್ಕೋ ಗಲ್ಫ್‌ಗೋ ದುಡಿಯಲು ಹೋದವರ ಖಾತೆಗಳದ್ದು ಬೇರೆ ಕಥೆ. ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ, ಅದನ್ನು ಮತ್ತೆ ಚಾಲೂ ಮಾಡಿಕೊಡಲು ಶುಲ್ಕ ಕೇಳುವಂತೆಯೂ ಇಲ್ಲ.

ಎಟಿಎಂನಲ್ಲಿ ಹಣ ಬಾರದೆ ಖಾತೆಯಲ್ಲಿ ಕಡಿತವಾಯಿತೇ? ವ್ಯವಹಾರದ ದಿನದ ನಂತರ ಐದು ದಿನದೊಳಗೆ ವಾಪಸ್ ಜಮಾ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರ ಸೆಪ್ಟೆಂಬರ್‌ನ ನಿಯಮ. ನೀವು ಕೇಳದಿದ್ದರೂ ಬ್ಯಾಂಕೇ ಕೊಡಬೇಕು, ಆದರೂ ಕೇಳಿ. ಕಾರವಾರ, ಅಂಕೋಲೆ ಮಹಾನಗರಗಳಲ್ಲವಾದ್ದರಿಂದ ಇಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲೂ ತಿಂಗಳಿಗೆ ಐದು ವ್ಯವಹಾರ ಉಚಿತ. ಸಾಲ ಪೂರ್ತಿ ತೀರಿದ ಮೇಲೆ ಮನೆ, ಜಮೀನಿನ ಮೂಲ ಪತ್ರಗಳನ್ನು 30 ದಿನದೊಳಗೆ ಹಿಂತಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ.

3. ‘ಜಾಸ್ತಿಯಾಯಿತು’ ಎನ್ನಬೇಡಿ, ‘ನಿಯಮ ಮೀರಿದೆ’ ಎನ್ನಿ

ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇಲ್ಲೇ ಎಂದು ನನ್ನ ನಂಬಿಕೆ. ಬ್ಯಾಂಕಿನ ವ್ಯಾವಹಾರಿಕ ತೀರ್ಮಾನವನ್ನು ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್ ಪ್ರಶ್ನಿಸುವುದಿಲ್ಲ. ಶುಲ್ಕ ದುಬಾರಿ ಎಂದು ಬರೆದರೆ ಅದು ಬ್ಯಾಂಕಿನ ತೀರ್ಮಾನ ಎಂದು ಕಡತ ಮುಚ್ಚುತ್ತಾರೆ. ‘ನನಗೆ ಸೂಚನೆ ಬಂದಿಲ್ಲ’, ‘ನಾನು ಒಪ್ಪಿಗೆ ಕೊಟ್ಟಿಲ್ಲ’, ‘ನಿಮ್ಮದೇ ಶುಲ್ಕಪಟ್ಟಿಯಲ್ಲಿ ಇದಿಲ್ಲ’ ಎಂದು ಬರೆದರೆ ಅದು ಸೇವಾ ನ್ಯೂನತೆಯಾಗುತ್ತದೆ, ಉತ್ತರ ಕೊಡಲೇಬೇಕಾಗುತ್ತದೆ. ಕೇಳದೆಯೇ ವಿಮೆಯ ಕಂತು ಕಡಿತವಾಗಿದ್ದರೆ ಒಂದೇ ಮಾತು: ನನ್ನ ಸಹಿ ಇರುವ ಅರ್ಜಿ ತೋರಿಸಿ.

4. ಕೌಂಟರಿನಲ್ಲಿ ಜಗಳ ಬೇಡ, ಕಾಗದ ಕೊಡಿ

ಕೌಂಟರಿನಲ್ಲಿ ಕೂತವರು ಆ ಶುಲ್ಕ ಹಾಕಿದವರಲ್ಲ, ಕಂಪ್ಯೂಟರ್ ಹಾಕಿದ್ದು. ಅವರ ಮೇಲೆ ರೇಗಿ ಬಂದರೆ ಮನಸ್ಸು ಹಗುರಾದೀತು, ಕೈಯಲ್ಲಿ ದಾಖಲೆ ಇರುವುದಿಲ್ಲ. ಕಾಗದ ಕನ್ನಡದಲ್ಲೇ ಇರಲಿ, ಚಿಕ್ಕದಿರಲಿ. ಒಂದು ಮಾದರಿ ಹೀಗಿದೆ:

‘ಶಾಖಾ ವ್ಯವಸ್ಥಾಪಕರಿಗೆ. ವಿಷಯ: ಉಳಿತಾಯ ಖಾತೆಯಿಂದ ಕಡಿತವಾದ ರೂ. 177 ವಾಪಸ್ ಕೋರಿ. ಮಾನ್ಯರೇ, ಜುಲೈ 5ರಂದು ನನ್ನ ಖಾತೆಯಿಂದ ಕನಿಷ್ಠ ಬ್ಯಾಲೆನ್ಸ್ ದಂಡ ರೂ. 150 ಮತ್ತು ಜಿಎಸ್‌ಟಿ ರೂ. 27 ಕಡಿತವಾಗಿದೆ. ಬ್ಯಾಲೆನ್ಸ್ ಕಡಿಮೆಯಾಗಿದೆ ಎಂಬ ಸೂಚನೆ ನನಗೆ ಬಂದಿಲ್ಲ, ಒಂದು ತಿಂಗಳ ಕಾಲಾವಕಾಶವೂ ಸಿಕ್ಕಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಇವೆರಡೂ ಕಡ್ಡಾಯ. ಪೂರ್ತಿ ಹಣವನ್ನು ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ. ಸೂಚನೆ ಕಳಿಸಿದ್ದರೆ ಯಾವ ದಿನ, ಯಾವ ಮೊಬೈಲ್ ನಂಬರಿಗೆ ಎಂದು ಲಿಖಿತವಾಗಿ ತಿಳಿಸಿ. ಪಾಸ್‌ಬುಕ್ ಪುಟದ ಜೆರಾಕ್ಸ್ ಲಗತ್ತಿಸಿದ್ದೇನೆ.’

ಇಷ್ಟು ಸಾಕು. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಶಾಖೆಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೇಟು ಹಾಕಿದರೆ ದೂರು ಪುಸ್ತಕ ಕೇಳಿ. ಬರೆದ ದೂರಿನ ಪ್ರತಿಯನ್ನು ಅಲ್ಲೇ ಹರಿದುಕೊಡಲು ಬರುವಂತೆ ಹಾಳೆಗಳಿರುವ ದೂರು ಪುಸ್ತಕವನ್ನು ಶಾಖೆಯಲ್ಲಿ ಇಡಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಅದೂ ಆಗದಿದ್ದರೆ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಕಳಿಸಿ, ರಸೀದಿ ಜೋಪಾನವಾಗಿಡಿ.

5. ಬ್ಯಾಂಕಿನ ಈಗಿನ ಹೆಸರಿಗೆ ಬರೆಯಿರಿ

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಅದಕ್ಕೂ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದವು. ಹಳ್ಳಿಗಳ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಹಳೆಯ ಪಾಸ್‌ಬುಕ್ಕಿನ ಹೆಸರಿಗೆ ಬರೆದ ದೂರು ದಾರಿ ತಪ್ಪುತ್ತದೆ.

6. ಮೂವತ್ತು ದಿನ ಎಣಿಸಿ, ಮೂವತ್ತೊಂದನೇ ದಿನ ಮೇಲೆ ಹೋಗಿ

ಮೊದಲು ಬ್ಯಾಂಕಿಗೇ ದೂರು ಕೊಟ್ಟು, ಉತ್ತರ ಬರುವವರೆಗೆ ಅಥವಾ 30 ದಿನ ಕಾಯದೆ ಒಂಬುಡ್ಸ್‌ಮನ್ ಬಳಿ ಹೋದರೆ ದೂರು ತಿರಸ್ಕೃತವಾಗುತ್ತದೆ. ಈ 30 ದಿನ ಸುಮ್ಮನೆ ಕೂರಬೇಡಿ. ಶಾಖೆಯ ಬೋರ್ಡಿನಲ್ಲಿ ದೂರು ಪರಿಹಾರದ ನೋಡಲ್ ಅಧಿಕಾರಿಯ ಹೆಸರಿರುತ್ತದೆ, ಅವರಿಗೂ ಪ್ರತಿ ಕಳಿಸಿ. ಅರ್ಧ ಹಣ ಕೊಡುತ್ತೇವೆ ಎಂದರೆ ಬರವಣಿಗೆಯಲ್ಲಿ ಕೇಳಿ, ಉಳಿದರ್ಧಕ್ಕೆ ದೂರು ಮುಂದುವರಿಸಿ. ದೊಡ್ಡ ಬ್ಯಾಂಕುಗಳು ದೂರನ್ನು ಪೂರ್ತಿಯಾಗಲಿ ಭಾಗಶಃವಾಗಲಿ ತಳ್ಳಿಹಾಕುವ ಮೊದಲು ತಮ್ಮದೇ ಆಂತರಿಕ ಒಂಬುಡ್ಸ್‌ಮನ್ ಮುಂದಿಡಬೇಕು. ಇಟ್ಟಿದ್ದೀರಾ ಎಂದು ಕೇಳಿ. ಸರ್ಕಾರಿ ಬ್ಯಾಂಕಾದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ನನಗೆ ಎಸ್‌ಎಂಎಸ್ ಹೋದ ದಾಖಲೆ ಕೊಡಿ ಎನ್ನಬಹುದು.

7. ಒಂಬುಡ್ಸ್‌ಮನ್ ದೂರಿಗೆ ಒಂದು ಪೈಸೆ ಖರ್ಚಿಲ್ಲ

2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಇದೆ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಜಾಲತಾಣದಲ್ಲಿ ದೂರು ಹಾಕಬಹುದು. ಅದು ಕಷ್ಟವೆನಿಸಿದರೆ ಕಾಗದವನ್ನೇ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕ್ ದೂರು ಸ್ವೀಕಾರ ಕೇಂದ್ರಕ್ಕೆ, ಪಿನ್ 160017, ಅಂಚೆಯಲ್ಲಿ ಕಳಿಸಬಹುದು. ಕನ್ನಡದಲ್ಲಿ ಬರೆದರೂ ಸ್ವೀಕರಿಸುತ್ತಾರೆ. ಸಂದೇಹವಿದ್ದರೆ 14448ಕ್ಕೆ ಉಚಿತ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದೂರು ಖಾತೆದಾರರ ಹೆಸರಲ್ಲೇ ಇರಲಿ, ವಕೀಲರ ಮೂಲಕ ಹೋಗಬೇಡಿ. 2021ರ ಯೋಜನೆಯಲ್ಲಿ ಹಣದ ನಷ್ಟದ ಜೊತೆಗೆ ಅಲೆದಾಟ, ಮಾನಸಿಕ ಕಿರುಕುಳಕ್ಕೂ ಒಂದು ಲಕ್ಷ ರೂಪಾಯಿವರೆಗೆ ಪರಿಹಾರಕ್ಕೆ ಅವಕಾಶ ಕೊಟ್ಟಿದ್ದರು. ಗಡುವು, ಮಿತಿಗಳು ತಿದ್ದುಪಡಿಯಾಗುತ್ತಿರುತ್ತವೆ. ದೂರು ಹಾಕುವ ಮುಂಚೆ ಅದೇ ನಂಬರಿನಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

8. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ

ಅಲ್ಲಿ ಸಿಗುವ ನಂಬರುಗಳಲ್ಲಿ ಮೋಸಗಾರರದ್ದೂ ಇರುತ್ತವೆ. ಪಾಸ್‌ಬುಕ್ ಅಥವಾ ಎಟಿಎಂ ಕಾರ್ಡಿನ ಹಿಂದಿರುವ ನಂಬರಿಗೇ ಕರೆ ಮಾಡಿ. ಹಣ ವಾಪಸ್ ಕೊಡಲು ಒಟಿಪಿ ಬೇಕು ಎಂದವನು ಬ್ಯಾಂಕಿನವನಲ್ಲ.

9. ಖಾತೆಯ ಬಗೆಯನ್ನೇ ಬದಲಾಯಿಸಿ

ಸಂಪಾದನೆ ಏರಿಳಿಯುವ ಮನೆಗೆ ‘ಮೂಲ ಉಳಿತಾಯ ಖಾತೆ’ ಸೂಕ್ತ. ಜನಧನ ಖಾತೆಯೂ ಈ ಬಗೆಯದೇ. ಕನಿಷ್ಠ ಬ್ಯಾಲೆನ್ಸ್ ಇಲ್ಲ, ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ, ತಿಂಗಳಿಗೆ ನಾಲ್ಕು ಸಲ ಹಣ ತೆಗೆಯುವುದು ಉಚಿತ. ಲಿಖಿತ ಮನವಿ ಕೊಟ್ಟು ಈಗಿನ ಖಾತೆಯನ್ನೇ ಹೀಗೆ ಮಾಡಿಸಿಕೊಳ್ಳಬಹುದು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು, ಅಷ್ಟೇ. ಗೃಹಲಕ್ಷ್ಮಿಯ ಎರಡು ಸಾವಿರ ಬರುವ ಖಾತೆಯಾದರೆ ಇದನ್ನು ಮೊದಲು ಮಾಡಿ.

10. ಸಹಕಾರಿ ಸಂಸ್ಥೆಯಾದರೆ ಬಾಗಿಲು ಬೇರೆ

ಶಿರಸಿ ಕೇಂದ್ರದ ಕೆನರಾ ಡಿಸಿಸಿ ಬ್ಯಾಂಕಿನಂಥ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು 2025ರ ನವೆಂಬರ್ 1ರಿಂದ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ. ಊರಿನ ಪ್ರಾಥಮಿಕ ಸಹಕಾರಿ ಸಂಘ ಬರುವುದಿಲ್ಲ. ಅದರ ಮೇಲಿನ ದೂರು ಸಹಕಾರ ಇಲಾಖೆಗೆ ಹೋಗಬೇಕು.

11. ಕಾರವಾರದಲ್ಲೇ ಗ್ರಾಹಕರ ಆಯೋಗ ಇದೆ

ಒಂಬುಡ್ಸ್‌ಮನ್ ಆದೇಶ ಒಪ್ಪಿಗೆಯಾಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ತೊಂದರೆಯಾದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ನೀವು ಕೊಟ್ಟ ಪ್ರತಿಫಲ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ನಿಮ್ಮ ವಾದ ನೀವೇ ಮಂಡಿಸಬಹುದು. ಬ್ಯಾಂಕಿನ ಮುಖ್ಯ ಕಚೇರಿ ಮುಂಬೈನಲ್ಲಿದ್ದರೂ 2019ರ ಕಾಯಿದೆಯಂತೆ ನಿಮ್ಮ ಜಿಲ್ಲೆಯಲ್ಲೇ ದೂರು ಹಾಕುವ ಹಕ್ಕು ನಿಮ್ಮದು. ಎರಡೂ ಕಡೆ ಒಟ್ಟಿಗೆ ಮಾತ್ರ ಹಾಕಬೇಡಿ.

12. ಒಬ್ಬರಿಗೆ ಬಿದ್ದ ದಂಡ ಊರಿಗೆಲ್ಲ ಬಿದ್ದಿರುತ್ತದೆ, ಒಟ್ಟಾಗಿ ಕೇಳಿ

ಸ್ಟೇಟ್ ಬ್ಯಾಂಕ್ ಮೂಲ ಉಳಿತಾಯ ಖಾತೆದಾರರಿಂದ ನಾಲ್ಕರ ಮೇಲಿನ ಪ್ರತಿ ಡಿಜಿಟಲ್ ಪಾವತಿಗೆ 17 ರೂಪಾಯಿ 70 ಪೈಸೆ ಕಡಿಯುತ್ತಿತ್ತು: ಶುಲ್ಕ 15, ಉಳಿದದ್ದು ಜಿಎಸ್‌ಟಿ. ಬಡವರ ಖಾತೆಗಳೇ ಹೆಚ್ಚಿದ್ದ ಈ ಲೆಕ್ಕವನ್ನು ಐಐಟಿ ಬಾಂಬೆಯ ಪ್ರೊಫೆಸರ್ ಆಶಿಶ್ ದಾಸ್ ಪಟ್ಟು ಹಿಡಿದು ಬಯಲಿಗೆಳೆದರು. 2020ರ ಜನವರಿ 1ರ ನಂತರ ಇಂಥ ಪಾವತಿಗಳ ಮೇಲೆ ವಸೂಲು ಮಾಡಿದ್ದನ್ನು ಹಿಂತಿರುಗಿಸಿ ಎಂದು 2020ರ ಆಗಸ್ಟ್ 30ರಂದು ಕೇಂದ್ರ ನೇರ ತೆರಿಗೆ ಮಂಡಳಿ ಬ್ಯಾಂಕುಗಳಿಗೆ ಸೂಚಿಸಿತು. ದಾಸ್ ಅವರ ವರದಿಯಂತೆ ಸುಮಾರು 90 ಕೋಟಿ ರೂಪಾಯಿ ಖಾತೆದಾರರಿಗೆ ಮರಳಿತು, ಅದಕ್ಕೂ ಹಿಂದಿನ ಅವಧಿಯ 164 ಕೋಟಿ ಬ್ಯಾಂಕಿನಲ್ಲೇ ಉಳಿಯಿತು. 2025ರ ಆಗಸ್ಟ್‌ನಲ್ಲಿ ಐಸಿಐಸಿಐ ಬ್ಯಾಂಕ್ ನಗರಗಳ ಹೊಸ ಖಾತೆಗಳಿಗೆ ಕನಿಷ್ಠ ಬ್ಯಾಲೆನ್ಸ್ 50,000 ರೂಪಾಯಿ ಎಂದಾಗ ದೇಶದೆಲ್ಲೆಡೆ ಗ್ರಾಹಕರು ತಕರಾರು ತೆಗೆದರು. ಕೆಲವೇ ದಿನಗಳಲ್ಲಿ ಬ್ಯಾಂಕ್ ಅದನ್ನು 15,000ಕ್ಕೆ ಇಳಿಸಿತು.

1930ರಲ್ಲಿ ಉಪ್ಪಿನ ಕಾಯಿದೆ ಮುರಿದು, ಆ ಬಳಿಕ ಕರನಿರಾಕರಣೆಗೆ ನಿಂತು ‘ಕರ್ನಾಟಕದ ಬಾರ್ಡೋಲಿ’ ಎನಿಸಿಕೊಂಡ ತಾಲೂಕು ಅಂಕೋಲೆ. ಅನ್ಯಾಯದ ವಸೂಲಿಯನ್ನು ಒಟ್ಟಾಗಿ ಪ್ರಶ್ನಿಸುವುದು ಇಲ್ಲಿನವರಿಗೆ ಹೊಸದಲ್ಲ. ಸ್ವಸಹಾಯ ಸಂಘದ ಮುಂದಿನ ಸಭೆಯಲ್ಲಿ ಎಲ್ಲರ ಪಾಸ್‌ಬುಕ್ಕುಗಳನ್ನೂ ಒಟ್ಟಿಗೆ ಬಿಚ್ಚಿ ನೋಡಿ. ಹತ್ತು ಮಂದಿಗೆ ಒಂದೇ ತಾರೀಖಿನಲ್ಲಿ ಒಂದೇ ದಂಡ ಬಿದ್ದಿದ್ದರೆ ಹತ್ತು ಪ್ರತ್ಯೇಕ ಕಾಗದ ಬರೆದು ಒಂದೇ ದಿನ ಕೊಡಿ, ಒಂದು ಪ್ರತಿ ಜಿಲ್ಲೆಯ ಬ್ಯಾಂಕುಗಳನ್ನು ಸಮನ್ವಯಿಸುವ ಕಾರವಾರದ ಲೀಡ್ ಬ್ಯಾಂಕ್ ಮ್ಯಾನೇಜರರಿಗೂ ತಲುಪಲಿ. ಬರೆಯಲು ಬಲ್ಲವರು ಬರೆಯಲು ಬಾರದವರಿಗೆ ದಯವಿಟ್ಟು ಬರೆದುಕೊಡಿ. ಮೀನು ಮಾರುವ ಅಜ್ಜಿಗೂ ಹಾಲಕ್ಕಿ ಕೊಪ್ಪದ ಅಮ್ಮನಿಗೂ ಬ್ಯಾಂಕಿನ ಉತ್ತರ ಬರುವವರೆಗೆ ಅವರ ಜೊತೆಗಿರಿ.