ಪ್ರಯೋಗಾಲಯದಲ್ಲಿ ಬೆಳೆದ ಹೃದಯ ಸ್ನಾಯು

ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಮಿಡಿಯದ ಕಲೆ ಉಳಿಯುತ್ತದೆ. ಅದನ್ನು ತುಂಬಲು ದಾರಿ ತೆರೆದವರು ಜಪಾನಿನ ಶಿನ್ಯಾ ಯಮನಾಕ. ನಾಲ್ಕು ವಂಶವಾಹಿಗಳನ್ನು ಸೇರಿಸಿ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮಕೋಶಗಳನ್ನು, ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶಗಳಾಗಿ ಬದಲಿಸಿದರು. 2012ರ ವೈದ್ಯಕೀಯ ನೊಬೆಲ್ ಅವರಿಗೂ ವಿಜ್ಞಾನಿ ಜಾನ್ ಗರ್ಡನ್‌ಗೂ ಸಂದಿತು. ಈ ಕೋಶಗಳಿಂದ ಮಿಡಿಯುವ ಹೃದಯಕೋಶ ಬೆಳೆಸಿ, ತೆಳು ಹಾಳೆಯಾಗಿ ಹೃದಯದ ಮೇಲೆ ಕೂರಿಸುತ್ತಾರೆ. ಒಸಾಕಾ ವಿಶ್ವವಿದ್ಯಾಲಯ 2020ರಲ್ಲಿ ಇಂಥ ಹಾಳೆಯನ್ನು ರೋಗಿಗೆ ಅಳವಡಿಸಿತು.

ನಮ್ಮಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಆಕರಕೋಶ ಸಂಶೋಧನೆಗೆ ಮೀಸಲು. ಆನುವಂಶಿಕ ಹೃದಯಸ್ನಾಯು ರೋಗವೂ ಅಲ್ಲಿನ ಅಧ್ಯಯನದ ವಿಷಯ. ಈ ರೋಗಕ್ಕೆ ನಂಟಿರುವ, ಎಂವೈಬಿಪಿಸಿ3 ವಂಶವಾಹಿಯ 25 ಡಿಎನ್ಎ ಅಕ್ಷರಗಳ ಲೋಪ ದಕ್ಷಿಣ ಏಷ್ಯಾದ ಸುಮಾರು 4% ಜನರಲ್ಲಿದೆ. ಹಾಗಾಗಿ ಇದು ನಮಗೆ ದೂರದ ಸುದ್ದಿಯಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಸ್ನಾಯುವಿನ ಮುಖ್ಯ ತೊಡಕುಗಳು: ದಪ್ಪ ಅಂಗಾಂಶಕ್ಕೆ ರಕ್ತನಾಳಗಳ ಕೊರತೆ, ಬಲಿಯದ ಕೋಶಗಳಿಂದ ಲಯತಪ್ಪುವ ಮಿಡಿತ.