ಫ್ಲಾನೆಲ್ ಬೆಡ್‌ಶೀಟ್: ಜುಂಗು, ಗಾಳಿ ಮತ್ತು 60 ಡಿಗ್ರಿ

ಕಳೆದ ಸಂಚಿಕೆಯಲ್ಲಿ ಜೀವಕೋಶದೊಳಗೆ ಓಡಾಡಿ ಬಂದ್ವಿ, ಈ ಸಲ ಬೆಡ್‌ಶೀಟ್ ಹತ್ರ ಬಂದಿದ್ದೀವಿ. ನಗಬೇಡಿ. ದಿನದ ಮೂರನೇ ಒಂದು ಭಾಗ ನಮ್ಮ ಚರ್ಮಕ್ಕೆ ಅಂಟಿಕೊಂಡೇ ಇರೋ ಬಟ್ಟೆ ಇದು. ನಮ್ಮ ಮನೆಯಲ್ಲಿ ಇದರಿಂದ ಒಂದು ಪೂರ್ತಿ ಚಳಿಗಾಲ ಮಗಳು ಸೀನುತ್ತಾ ಕಳೆದಳು. ಅದನ್ನ ಆಮೇಲೆ ಹೇಳ್ತೀವಿ.

ನಾವಿರೋ ಜರ್ಮನಿಯಲ್ಲಿ ಅಕ್ಟೋಬರ್ ಬಂತು ಅಂದ್ರೆ ಅಂಗಡಿಗಳಲ್ಲಿ ‘ಬೀಬರ್’ ಅಂತ ಬರೆದ ಹಾಸಿಗೆ ಬಟ್ಟೆಗಳು ಬಂದು ಬೀಳುತ್ತವೆ. ಬೀಬರ್ ಅಂದ್ರೆ ಮರ ಕಡಿದು ಹೊಳೆಗೆ ಅಡ್ಡ ಕಟ್ಟೆ ಕಟ್ಟುವ ಬೀವರ್ ಪ್ರಾಣಿ. ಅದರ ತುಪ್ಪಳದ ಹಾಗೆ ಮೆತ್ತಗಿರುತ್ತೆ ಅಂತ ಈ ಹೆಸರು. ಅಮೆರಿಕ, ಕೆನಡಾದಲ್ಲಿರುವವರು ಹೆಚ್ಚು ಕಡಿಮೆ ಇದನ್ನೇ ಫ್ಲಾನೆಲ್ ಅಂತ ಕೊಳ್ಳುತ್ತಾರೆ. ಮೂಲದಲ್ಲಿ ಫ್ಲಾನೆಲ್ ಉಣ್ಣೆಯ ಬಟ್ಟೆ. ಹತ್ತಿಯಲ್ಲಿ ಅದನ್ನ ಅನುಕರಿಸಿದ್ದು ಆಮೇಲೆ.

ಇದನ್ನ ಮಾಡೋದು ಹೀಗೆ: ಹತ್ತಿ ಬಟ್ಟೆ ನೇಯ್ದ ಮೇಲೆ, ಸಣ್ಣ ಸಣ್ಣ ತಂತಿ ಹಲ್ಲುಗಳಿರುವ ಉರುಳೆಗಳ ಮೇಲೆ ಅದನ್ನ ಹಾಯಿಸುತ್ತಾರೆ. ಹಲ್ಲುಗಳು ನೂಲಿನಿಂದ ಎಳೆಗಳ ತುದಿಗಳನ್ನ ಮೇಲಕ್ಕೆ ಕೀಳುತ್ತವೆ. ಬಟ್ಟೆ ಮೇಲೆ ಜುಂಗು ಏಳುತ್ತೆ. ಆ ಜುಂಗಿನ ನಡುವೆ ಅಲುಗಾಡದೆ ನಿಂತ ಗಾಳಿಯೇ ನಿಮ್ಮನ್ನ ಬೆಚ್ಚಗಿಡೋದು. ನಿಂತ ಗಾಳಿಯಷ್ಟು ನಿಧಾನವಾಗಿ ಶಾಖ ಸಾಗಿಸುವ ವಸ್ತುಗಳು ಮನೆಯಲ್ಲಿ ಕಡಿಮೆ. ನೀರು ಅದಕ್ಕಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ದಾಟಿಸುತ್ತೆ.

ಇನ್ನೊಂದು ಗುಟ್ಟು, ಮುಟ್ಟಿದ ಕೂಡಲೇ ಸಿಗುವ ಬೆಚ್ಚನೆ ಅನುಭವ. ಕೋಣೆಯಲ್ಲಿ 16 ಡಿಗ್ರಿ ಇದ್ದರೆ ನಯವಾದ ಕಾಟನ್ ಶೀಟೂ 16 ಡಿಗ್ರಿ, ಫ್ಲಾನೆಲ್ಲೂ 16 ಡಿಗ್ರಿ. ಆದ್ರೆ ನಯವಾದ ಶೀಟು ಚರ್ಮಕ್ಕೆ ಪೂರ್ತಿ ತಾಗಿ ಶಾಖವನ್ನ ಸರ್ರನೆ ಎಳ್ಕೊಳ್ಳುತ್ತೆ. ಕಾಲು ಚಾಚಿದ ತಕ್ಷಣ ‘ಅಯ್ಯೋ’ ಅನ್ನಿಸೋದು ಅದಕ್ಕೇ. ಫ್ಲಾನೆಲ್‌ನಲ್ಲಿ ಬರೀ ಎಳೆಗಳ ತುದಿ ತಾಗುತ್ತೆ. ಸೂಟ್‌ಕೇಸಿನಲ್ಲಿ ಅರ್ಧ ಜಾಗ ತಿಂದು ಊರಿನಿಂದ ಬಂದ ಕುರಿ ಉಣ್ಣೆಯ ಕಂಬಳಿಯೂ ಗಾಳಿಯನ್ನ ಹಿಡಿದಿಟ್ಟೇ ಬೆಚ್ಚಗಿಡೋದು. ಅದು ಚುಚ್ಚುತ್ತೆ, ಮೆಷಿನ್ನಿಗೆ ಹಾಕೋ ಹಾಗಿಲ್ಲ, ಅಷ್ಟೇ ತಕರಾರು.

ಇಷ್ಟು ಗೊತ್ತಾದರೆ ಆರಿಸೋದು ಸುಲಭ. ಥ್ರೆಡ್ ಕೌಂಟ್ ನೋಡಬೇಡಿ. ಅದು ನಯವಾದ ಬಟ್ಟೆಯ ಲೆಕ್ಕ, ಜುಂಗು ಎದ್ದ ಬಟ್ಟೆಗೆ ಅರ್ಥವಿಲ್ಲ. ನೋಡಬೇಕಾದ್ದು ತೂಕ: ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅನ್ನೋದು. 150ರಿಂದ 180 ಗ್ರಾಂ ಇದ್ದರೆ ಹೆಚ್ಚಿನ ಮನೆಗಳಿಗೆ ಸಾಕು. ಅಮೆರಿಕದಲ್ಲಿ ಔನ್ಸ್ ಬರೆದಿರ್ತಾರೆ, 5 ಔನ್ಸ್ ಅಂದ್ರೆ ಸುಮಾರು 170 ಗ್ರಾಂ. ಅಂಗಡಿಯಲ್ಲಿ ಬಟ್ಟೆಯನ್ನ ಬೆಳಕಿಗೆ ಹಿಡಿದು ನೋಡಿ. ಜುಂಗಿನ ಕೆಳಗೆ ನೇಯ್ಗೆ ಜಾಳುಜಾಳಾಗಿ ಕಂಡರೆ ಬಿಟ್ಟುಬಿಡಿ. ಜುಂಗು ಎಬ್ಬಿಸಿದಷ್ಟೂ ನೂಲು ಸೊರಗುತ್ತೆ, ಅತಿಯಾಗಿ ಮೆತ್ತಗಿರೋ ಅಗ್ಗದ ಶೀಟು ಬೇಗ ಸವೆಯೋದು ಇದರಿಂದಲೇ. ಹತ್ತಿ ಕುಗ್ಗುತ್ತೆ, ಅದನ್ನೂ ಲೆಕ್ಕ ಹಾಕಿ. ನೂರಕ್ಕೆ ಐದರಷ್ಟು ಕುಗ್ಗಿದರೂ 2 ಮೀಟರ್ ಶೀಟಿನಲ್ಲಿ 10 ಸೆಂಟಿಮೀಟರ್ ಹೋಯ್ತು.

ಲೇಬಲ್ ಓದಿ. ‘ಫ್ಲಾನೆಲ್ ಫ್ಲೀಸ್’ ಅಂತ ಮಾರುವ ಹೊದಿಕೆಗಳು ಹೆಚ್ಚಾಗಿ ಪಾಲಿಯೆಸ್ಟರ್. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಪರ್ಸೆಂಟ್ ತೇವ ಹೀರಿ ಇಟ್ಕೊಳ್ಳುತ್ತೆ, ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ರಾತ್ರಿ ಬೆವರುವವರಿಗೆ ಈ ವ್ಯತ್ಯಾಸ ಬೆನ್ನಿಗೇ ತಿಳಿಯುತ್ತೆ. ಹಾಗಂತ ದಪ್ಪ ಫ್ಲಾನೆಲ್ ಮೇಲೆ ದಪ್ಪ ರಜಾಯಿ ಹೇರಬೇಡಿ. ನಿದ್ದೆಗೆ ಜಾರುವಾಗ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಕೈಕಾಲುಗಳ ಚರ್ಮಕ್ಕೆ ರಕ್ತ ಹರಿದು ಶಾಖ ಹೊರಗೆ ಹೋಗುತ್ತೆ. ಆ ದಾರಿ ಮುಚ್ಚಿದರೆ ಮಧ್ಯರಾತ್ರಿ ಒದ್ದೆಯಾಗಿ ಎಚ್ಚರಾಗ್ತೀರಿ. ಒಂದು ವರ್ಷದೊಳಗಿನ ಕೂಸಿಗಂತೂ ಬಿಡಿ ಹೊದಿಕೆ ಬೇಡವೇ ಬೇಡ. ಹಾಸಿಗೆಗೆ ಬಿಗಿಯಾಗಿ ಕೂರುವ ಶೀಟು ಮಾತ್ರ ಇರಲಿ.

ಈಗ ಸೀನಿನ ಕಥೆ. ಮಗಳಿಗೆ ಬೆಳಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು, ರಾತ್ರಿ ಒಮ್ಮೊಮ್ಮೆ ಉಬ್ಬಸ. ಶೀತ ಅಂದುಕೊಂಡ್ವಿ, ಕಷಾಯ ಮಾಡಿಕೊಟ್ವಿ. ಡಾಕ್ಟರು ಚರ್ಮದ ಪರೀಕ್ಷೆ ಮಾಡಿ ಹೇಳಿದ್ದು: ಧೂಳಿನ ಮೈಟ್‌ಗಳ ಅಲರ್ಜಿ. ಇವು ಜೇಡದ ದೂರದ ನೆಂಟರು, ಉದ್ದ ಅರ್ಧ ಮಿಲಿಮೀಟರೂ ಇಲ್ಲ, ನಮ್ಮ ಚರ್ಮದಿಂದ ಉದುರುವ ಪುಡಿ ತಿಂದು ಬದುಕುತ್ತವೆ. ಕಚ್ಚೋದಿಲ್ಲ. ತೊಂದರೆ ಇರೋದು ಅವುಗಳ ಹಿಕ್ಕೆಯಲ್ಲಿರುವ ಪ್ರೋಟೀನುಗಳಿಂದ. ನೀರು ಕುಡಿಯೋಕೆ ಇವಕ್ಕೆ ಬಾಯಿ ಬೇಕಿಲ್ಲ, ಗಾಳಿಯ ತೇವವನ್ನೇ ಎಳ್ಕೊಳ್ಳುತ್ತವೆ. ಗಾಳಿಯ ತೇವಾಂಶ 50 ಪರ್ಸೆಂಟಿಗಿಂತ ಕೆಳಗೇ ಉಳಿದರೆ ಒಣಗಿ ಸಾಯುತ್ತವೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆ ಒಣಗಿದ್ದರೂ, ಎಂಟು ಗಂಟೆ ನಾವು ಉಸಿರಾಡಿ ಬೆವರಿದ ಹಾಸಿಗೆ ಮಾತ್ರ ಅವಕ್ಕೆ ಮಲೆನಾಡು.

ನಾವು ಪ್ರತಿವಾರ ಒಗೀತಿದ್ವಿ, ‘ಇಕೋ 40–60’ ಅನ್ನೋ ಪ್ರೋಗ್ರಾಮಿನಲ್ಲಿ. 60 ಅಂತ ಬರೆದಿದೆಯಲ್ಲ, ಸಾಕು ಅಂತ. ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು ಬಟನ್ನಿನ ಪಕ್ಕದ ಪುಸ್ತಕ ಓದಿರಲಿಲ್ಲ. 2021ರಿಂದ ಯುರೋಪಿನಲ್ಲಿ ಕಡ್ಡಾಯವಾಗಿರೋ ಈ ಪ್ರೋಗ್ರಾಮಿನ ಅರ್ಥ, 40 ಮತ್ತು 60 ಡಿಗ್ರಿಯಲ್ಲಿ ಒಗೆಯಬಹುದಾದ ಬಟ್ಟೆಗಳನ್ನ ಒಟ್ಟಿಗೆ ಹಾಕಬಹುದು ಅಂತ. ನೀರು 60ಕ್ಕೆ ಏರುತ್ತೆ ಅಂತಲ್ಲ. ವಿದ್ಯುತ್ ಉಳಿಸೋಕೆ ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ತಿರುಗುತ್ತೆ. 40 ಡಿಗ್ರಿ ನೀರು ಅಲರ್ಜಿ ತರುವ ಪ್ರೋಟೀನನ್ನ ಬಹುಪಾಲು ತೊಳೆದು ಹಾಕುತ್ತೆ ನಿಜ, ಆದ್ರೆ ಮೈಟ್‌ಗಳಲ್ಲಿ ಅನೇಕವು ಈಜಿ ಬದುಕುತ್ತವೆ. ಅವು ಸಾಯಬೇಕಾದ್ರೆ 55 ದಾಟಬೇಕು. ಈಗ ‘ಕಾಟನ್ 60’ ಹಾಕ್ತೀವಿ.

ಇಲ್ಲಿ ಒಂದು ಎಳೆದಾಟ ಇದೆ. ಬಿಸಿ ಹೆಚ್ಚಿದಷ್ಟೂ ಬಟ್ಟೆ ಬೇಗ ಕುಗ್ಗುತ್ತೆ, ಸವೆಯುತ್ತೆ. ಆದ್ದರಿಂದ ಅಲರ್ಜಿ ಇಲ್ಲದ ಮನೆಯಲ್ಲಿ 40 ಸಾಕು ಅನ್ನೋದು ನಮ್ಮ ಅಭಿಪ್ರಾಯ. ಅಲರ್ಜಿ ಇದ್ದರೆ ಲೇಬಲ್‌ನಲ್ಲಿ 60ರ ಗುರುತು ಇರುವ ಶೀಟನ್ನೇ ಕೊಂಡು, ಬೇಗ ಸವೆಯುತ್ತೆ ಅಂತ ಒಪ್ಪಿಕೊಳ್ಳಿ. ಮೊದಲ ಒಗೆತ ಬೇರೆಯಾಗಿ ಮಾಡಿ, ಇಲ್ಲದಿದ್ದರೆ ಕಪ್ಪು ಪ್ಯಾಂಟಿನ ಮೇಲೆಲ್ಲಾ ಜುಂಗು. ಡ್ರೈಯರ್‌ನಲ್ಲಿ ಹದವಾದ ಬಿಸಿಯಲ್ಲಿ ಹೊರಳಿದರೆ ಜುಂಗು ಮತ್ತೆ ಎದ್ದು ನಿಲ್ಲುತ್ತೆ. ಫಿಲ್ಟರ್‌ನ ಜುಂಗನ್ನ ಪ್ರತಿಸಲವೂ ತೆಗೀರಿ, ಅದಕ್ಕೆ ಬೆಂಕಿ ಹತ್ತುತ್ತೆ. ಮನೆಯೊಳಗೆ ಹಗ್ಗಕ್ಕೆ ಹಾಕೋದಾದ್ರೆ ಕೊಡವಿ ಹಾಕಿ, ಕಿಟಕಿ ಪೂರ್ತಿ ತೆಗೆದು ಹತ್ತು ನಿಮಿಷ ಗಾಳಿ ಆಡಿಸಿ. ಇಲ್ಲಾಂದ್ರೆ ಆ ತೇವ ಗೋಡೆಗೆ ಬೂಷ್ಟಾಗಿ ಬರುತ್ತೆ.

ಸಾಫ್ಟ್‌ನರ್ ಬೇಡ. ಅದರ ಧನ ವಿದ್ಯುದಂಶದ ಅಣುಗಳು ಹತ್ತಿಗೆ ಅಂಟಿ ಜಿಡ್ಡಿನ ಪದರ ಕಟ್ಟುತ್ತವೆ, ಬಟ್ಟೆ ತೇವ ಹೀರೋದು ಕಡಿಮೆಯಾಗುತ್ತೆ. ಇನ್ನೊಂದು ಕಾರಣ ಬೆಂಕಿ. ಕೆಲವು ಸಾಫ್ಟ್‌ನರ್ ಬಾಟಲಿಗಳ ಮೇಲೆ, ಜುಂಗಿನ ಬಟ್ಟೆಗೆ ಬಳಸಬೇಡಿ ಅಂತ ಎಚ್ಚರಿಕೆಯೇ ಇರುತ್ತೆ.

ಇದು ಹೊಸ ಭಯ ಅಲ್ಲ. ಗಾಳಿ ತುಂಬಿಕೊಂಡ ಹತ್ತಿ ಎಳೆ ಅಂದ್ರೆ ಒಲೆಗೆ ಹಾಕೋ ಒಣ ತರಗು ಇದ್ದ ಹಾಗೆ, ಕಿಡಿ ತಾಗಿದರೆ ಜ್ವಾಲೆ ಮೇಲ್ಮೈ ಮೇಲೆ ಓಡುತ್ತೆ. ಬ್ರಿಟನ್ನಿನಲ್ಲಿ ಅಗ್ಗದ ‘ಫ್ಲಾನೆಲೆಟ್’ ಬಡವರ ಮನೆ ಸೇರಿದಾಗ, ತೆರೆದ ಒಲೆಯ ಮುಂದೆ ರಾತ್ರಿ ಅಂಗಿ ಹತ್ತಿಕೊಂಡು ಎಷ್ಟೋ ಮಕ್ಕಳು ಸುಟ್ಟು ಸತ್ತರು. 1908ರ ಮಕ್ಕಳ ಕಾಯ್ದೆಯಲ್ಲಿ, ಕಾವಲು ಜಾಲರಿ ಇಲ್ಲದ ಬೆಂಕಿಯ ಕೋಣೆಯಲ್ಲಿ ಏಳು ವರ್ಷದೊಳಗಿನ ಮಗುವನ್ನ ಬಿಟ್ಟು, ಅದು ಸತ್ತರೆ ಅಥವಾ ತೀವ್ರವಾಗಿ ಸುಟ್ಟುಕೊಂಡರೆ ಪೋಷಕರಿಗೆ ದಂಡ ಅಂತ ಬರೆದರು. ನೇರಳೆ ಬಣ್ಣ ಮಾವ್ ಕಂಡುಹಿಡಿದ ಪರ್ಕಿನ್ನರ ಮಗ, ಅದೇ ಹೆಸರಿನ ವಿಲಿಯಂ ಹೆನ್ರಿ ಪರ್ಕಿನ್, ತವರದ ಲವಣದಿಂದ ಎಳೆಯೊಳಗೆ ತವರದ ಆಕ್ಸೈಡ್ ಕೂರಿಸಿ, ಒಗೆದರೂ ಹೋಗದ ‘ನಾನ್-ಫ್ಲಾಮ್’ ಫ್ಲಾನೆಲೆಟ್ ಮಾಡಿದರು. ನೀವು ಕೊಳ್ಳುವ ಶೀಟಿನಲ್ಲಿ ಅಂಥ ಉಪಚಾರ ಇದೆ ಅಂತ ನಂಬಬೇಡಿ. ಬಾಡಿಗೆ ಕೋಣೆಯ ವಿದ್ಯಾರ್ಥಿಗಳೇ, ಹಾಸಿಗೆ ಪಕ್ಕ ಎಲೆಕ್ಟ್ರಿಕ್ ಹೀಟರ್ ಇಡೋದು, ಮಂಚದ ತಲೆದೆಸೆಗೆ ಊದುಬತ್ತಿ ಸಿಕ್ಕಿಸೋದು, ದೀಪಾವಳಿ ದೀಪವನ್ನ ಹಾಸಿಗೆ ಹತ್ತಿರದ ಕಿಟಕಿಯಲ್ಲಿ ಹಚ್ಚೋದು, ಇವು ಮೂರನ್ನೂ ಬಿಡಿ.

ಮಗಳ ಸೀನು ಪೂರ್ತಿ ನಿಂತಿಲ್ಲ. ಬೆಳಗ್ಗೆ ಎರಡೋ ಮೂರೋ. ಹಾಸಿಗೆಗೂ ದಿಂಬಿಗೂ ಮೈಟ್ ದಾಟದ ಬಿಗಿ ನೇಯ್ಗೆಯ ಕವರ್ ಹಾಕಿದ್ದೀವಿ. ಎದ್ದ ಕೂಡಲೇ ಹಾಸಿಗೆ ಮಡಚಿಡೋ ನಮ್ಮ ಊರಿನ ಶಿಸ್ತನ್ನ ಮಾತ್ರ ಬಿಟ್ಟಿದ್ದೀವಿ, ರಜಾಯಿ ಸರಿಸಿ ಅದು ಒಣಗಲಿ ಅಂತ ಒಂದು ಗಂಟೆ ಹಾಗೇ ಬಿಡ್ತೀವಿ. ಊರಿನಿಂದ ಬಂದ ಅಮ್ಮನಿಗೆ ಇದು ಇನ್ನೂ ಸೋಮಾರಿತನ ಅಂತಲೇ ಅನ್ನಿಸುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.